ಪೆನ್‌ಡ್ರೈವ್ ಎಂದರೆ ಎಸ್‌ಡಿಬಿ ಎಂದು ಅಚ್ಚು ಹಾಕಬೇಡಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ಬಗೆಯನ್ನು ತಿಳಿಸುವ ಬರಹಗಳು ಪತ್ರಿಕೆಗಳಲ್ಲಿ ಬರುತ್ತಿವೆ. ಬರಲೇಬೇಕು. ಆದರೆ ಐಎಸ್‌ಒ ಫೈಲನ್ನು (ಲಿನಕ್ಸ್ ಹಾಕಲು ಬೇಕಾದ ಇಡೀ ಡಿಸ್ಕಿನ ಪ್ರತಿಯನ್ನು) ಪೆನ್‌ಡ್ರೈವ್‌ಗೆ ಬರೆಯುವ ‘ಡಿಡಿ’ ಕಮಾಂಡ್ ಕೊಡುವಾಗ ‘/ಡೆವ್/ಎಸ್‌ಡಿಬಿ’ (ಸಾಧನಗಳ ಫೋಲ್ಡರಾದ /ಡೆವ್ ಒಳಗಿನ ಒಂದು ಡಿಸ್ಕಿನ ಹೆಸರು) ಎಂದು ನೇರವಾಗಿ ಅಚ್ಚು ಹಾಕುವುದು ಅಪಾಯಕರ. ಡಿಡಿ ಏನನ್ನೂ ಕೇಳುವುದಿಲ್ಲ, ಹೇಳಿದ ಕಡೆ ಇದ್ದದ್ದರ ಮೇಲೆಯೇ ಬರೆದುಬಿಡುತ್ತದೆ.

ಲಿನಕ್ಸ್‌ನ ತಿರುಳಾದ ಕರ್ನೆಲ್, ಡಿಸ್ಕ್‌ಗಳಿಗೆ ಎ, ಬಿ, ಸಿ ಎಂದು ಅಕ್ಷರ ಹಚ್ಚುವುದು ಅವು ಪತ್ತೆಯಾದ ಸರದಿಯಲ್ಲಿ. ಒಂದೇ ಸಾಟಾ (ಡಿಸ್ಕ್ ಜೋಡಿಸುವ ಸಾಮಾನ್ಯ ಬಗೆ) ಡಿಸ್ಕ್ ಇದ್ದರೆ ಅದು ಎಸ್‌ಡಿಎ, ಪೆನ್‌ಡ್ರೈವ್ ಎಸ್‌ಡಿಬಿ. ಆದರೆ ಎಸ್‌ಎಸ್‌ಡಿ ಜೊತೆಗೆ ಫೋಟೊ, ಲೆಕ್ಕಪತ್ರ ತುಂಬಿದ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಎಸ್‌ಡಿಬಿ ಎಂದರೆ ಆ ಹಾರ್ಡ್ ಡಿಸ್ಕೇ ಆಗಿರಬಹುದು. ಎನ್‌ವಿಎಂಇ (ಹೊಸ ಬಗೆಯ ವೇಗದ ಎಸ್‌ಎಸ್‌ಡಿ) ಮಾತ್ರ ಇರುವ ಲ್ಯಾಪ್‌ಟಾಪಿನಲ್ಲಿ ಒಳಗಿನ ಡಿಸ್ಕ್ ‘ಎನ್‌ವಿಎಂಇ0ಎನ್1’. ಅಲ್ಲಿ ಮೊದಲು ಚುಚ್ಚಿದ ಪೆನ್‌ಡ್ರೈವೇ ಎಸ್‌ಡಿಎ. ಮೌಂಟ್ ಆಗಿರುವಾಗಲೇ (ತೆರೆದು ಬಳಕೆಯಲ್ಲಿರುವಾಗಲೇ) ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚಿದರೆ, ಹಳೆಯ ಹೆಸರು ತೆರವಾಗದೆ ಮುಂದಿನ ಅಕ್ಷರ ಬರುವುದೂ ಉಂಟು.

ಆದ್ದರಿಂದ ಮೊದಲು ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡಿನಲ್ಲಿ ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ಮತ್ತು ‘ಟ್ರಾನ್’ (ಜೋಡಣೆಯ ಬಗೆ) ಕಾಲಂ ತೆಗೆಸಿ ನೋಡಬೇಕು. ಟ್ರಾನ್ ಕೆಳಗೆ ಯುಎಸ್‌ಬಿ ಎಂದಿರಬೇಕು. 16 ಜಿಬಿಯ ಪೆನ್‌ಡ್ರೈವ್ ಅಲ್ಲಿ 15ಕ್ಕಿಂತ ತುಸು ಕಡಿಮೆ ತೋರಿಸುತ್ತದೆ, ಗಾಬರಿ ಬೇಡ. ಆಮೇಲೆ ‘/ಡೆವ್/ಡಿಸ್ಕ್/ಬೈ-ಐಡಿ’ ಒಳಗೆ ಯುಡೆವ್ (ಸಾಧನಗಳನ್ನು ಗುರುತಿಸಿ ಹೆಸರಿಡುವ ಲಿನಕ್ಸ್ ಸೇವೆ) ಮಾಡಿಟ್ಟ ಹೆಸರನ್ನು ಬಳಸಬೇಕು. ಅದರಲ್ಲಿ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಸೇರಿರುವುದರಿಂದ ಯಾವ ಪೋರ್ಟಿಗೆ ಚುಚ್ಚಿದರೂ ಹೆಸರು ಬದಲಾಗದು. ಕೊನೆಯಲ್ಲಿ ‘-ಪಾರ್ಟ್1’ ಎಂದಿದ್ದರೆ ಅದು ಪಾರ್ಟಿಷನ್, ಅಂದರೆ ಡಿಸ್ಕಿನ ಒಂದು ಭಾಗ. ಐಎಸ್‌ಒ ಬರೆಯಬೇಕಾದ್ದು ಇಡೀ ಡಿಸ್ಕಿಗೆ, ಇಲ್ಲವಾದರೆ ಅದರಿಂದ ಬೂಟ್ ಆಗದು.

ಇನ್ನೊಂದು ಸಂಗತಿಯನ್ನು ಈ ಬರಹಗಳು ಹೇಳುವುದೇ ಇಲ್ಲ. ಇಲ್ಲದ ಹೆಸರನ್ನು ಟೈಪಿಸಿದರೆ ಅಂಥ ಡಿಸ್ಕ್ ಇಲ್ಲವೆಂದು ಡಿಡಿ ಎರರ್ ಕೊಡುವುದಿಲ್ಲ. ರೂಟ್ (ನಿರ್ವಾಹಕನ) ಅಧಿಕಾರ ಇರುವುದರಿಂದ ಆ ಹೆಸರಿನ ಸಾಮಾನ್ಯ ಫೈಲೊಂದನ್ನು /ಡೆವ್ ಒಳಗೇ ಸೃಷ್ಟಿಸಿ ತುಂಬತೊಡಗುತ್ತದೆ. /ಡೆವ್ ಇರುವುದು ರ‍್ಯಾಮ್‌ನಲ್ಲಿ. ಕೆಲಸ ಕೆಲವೇ ಸೆಕೆಂಡಿನಲ್ಲಿ ಮುಗಿದಂತೆ ಕಾಣಬಹುದು, ಪೆನ್‌ಡ್ರೈವ್ ಮಾತ್ರ ಹಾಗೇ ಇರುತ್ತದೆ. ಕಮಾಂಡಿಗೆ ‘ಕಾನ್ವ್=ನೋಕ್ರಿಯಟ್,ಎಫ್‌ಸಿಂಕ್’ (conv=nocreat,fsync) ಸೇರಿಸಿದರೆ ಇಂಥ ಫೈಲ್ ಹುಟ್ಟುವುದಿಲ್ಲ, ಬರೆದದ್ದು ಪೂರ್ತಿ ಡಿಸ್ಕಿಗೆ ಇಳಿಯುವ ತನಕ ಡಿಡಿ ಕಾಯುತ್ತದೆ. ಅಚ್ಚಿನಲ್ಲಿ ಎಸ್‌ಡಿಬಿ ಇರುವ ಜಾಗಕ್ಕೆ ‘ನಿಮ್ಮ ಪೆನ್‌ಡ್ರೈವ್‌ನ ಬೈ-ಐಡಿ ಹೆಸರು’ ಎಂದು ಹಾಕಿದರೆ ಸಾಕು.

ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನ ಉದಾಹರಣೆ ಕೊಡುವವರಿಗೂ ಇದೇ ಮಾತು: ಎಸ್‌ಡಿಬಿ1 ಬದಲು ಯುಯುಐಡಿ (ಅಕ್ಷರದಂತೆ ಬದಲಾಗದ ಗುರುತಿನ ಸಂಖ್ಯೆ) ಬರೆಯಿರಿ. ಅಕ್ಷರ ಬದಲಾಗಿ ಆ ಹೆಸರಿನ ಡಿಸ್ಕ್ ಸಿಗದಿದ್ದರೆ ಸಿಸ್ಟಮ್‌ಡಿ (ಬೂಟ್ ಆಗುವಾಗ ಎಲ್ಲವನ್ನೂ ಶುರುಮಾಡುವ ಪ್ರೋಗ್ರಾಂ) ರೂಢಿಯಂತೆ 90 ಸೆಕೆಂಡ್ ಕಾದು ದುರಸ್ತಿಗಷ್ಟೇ ಇರುವ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಹೊರಗಿನಿಂದ ಜೋಡಿಸುವ ಡಿಸ್ಕಿನ ಸಾಲಿಗೆ ‘ನೋಫೇಲ್’ ಆಯ್ಕೆಯನ್ನೂ ಸೇರಿಸಿದರೆ, ಡಿಸ್ಕ್ ಇರದ ದಿನವೂ ಯಂತ್ರ ಬೂಟ್ ಆಗುತ್ತದೆ.