ಬಿಲ್ಲಿ ಕಾನೊಲಿ ಗೊತ್ತಾ ನಿನಗೆ?

ಗೆಳೆಯಾ,

ಸ್ಟ್ಯಾಂಡಪ್ ಕಾಮಿಡಿ ಅಂದ್ರೆ ನಿಮಿಷಕ್ಕೊಂದು ಜೋಕ್ ಬೀಳಲೇಬೇಕು ಅಂತ ವಾದ ಮಾಡ್ತೀಯಲ್ಲ, ಅದಕ್ಕೇ ಈ ಪತ್ರ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಕಾಮಿಡಿಯನ್ ಬಿಲ್ಲಿ ಕಾನೊಲಿಯನ್ನು ಒಮ್ಮೆ ನೋಡು. ಜಡೆಗಟ್ಟಿದ ಹಾಗಿರುವ ಉದ್ದ ಕೂದಲು, ಗಡ್ಡ. ಏನೋ ಒಂದು ಶುರು ಮಾಡುತ್ತಾನೆ, ಅಲ್ಲಿಂದ ಇನ್ಯಾವುದಕ್ಕೋ ಹಾರುತ್ತಾನೆ, ನಗು ಬರುವ ಜಾಗ ಇನ್ನೂ ದೂರ ಇರುವಾಗಲೇ ತಾನೇ ನಕ್ಕು ನಕ್ಕು ಬಗ್ಗಿ ಹೋಗುತ್ತಾನೆ, ನಾವು ಮರೆತೇಬಿಟ್ಟಿರುವಾಗ ಮೊದಲಿನ ಕತೆಗೆ ವಾಪಸ್ ಬರುತ್ತಾನೆ.

ಹುಟ್ಟಿದ್ದು 1942ರಲ್ಲಿ. ತೀರಾ ಚಿಕ್ಕವನಿದ್ದಾಗಲೇ ಅಮ್ಮ ಮನೆ ಬಿಟ್ಟು ಹೋದಳು, ಅಪ್ಪ ಬರ್ಮಾದಲ್ಲಿದ್ದ, ಸೋದರತ್ತೆಯರು ಸಾಕಿದರು. ಆ ಬಾಲ್ಯದ ಬಗ್ಗೆ ಹೆಂಡತಿ ಪಮೇಲಾ ಸ್ಟೀಫನ್‌ಸನ್ 2001ರಲ್ಲಿ ಪುಸ್ತಕ ಬರೆದಳು. ಓದೋಕೆ ಸಂಕಟ ಆಗುತ್ತದೆ.

ಹುಡುಗನಾಗಿದ್ದಾಗಲೇ ಕ್ಲೈಡ್ ನದಿ ದಂಡೆಯಲ್ಲಿ ಹಡಗು ಕಟ್ಟುವ ಕಡೆ ವೆಲ್ಡಿಂಗ್ ಕೆಲಸಕ್ಕೆ ಸೇರಿದ. ಮಾತಿನ ವರಸೆ ಅಲ್ಲಿಯದೇ ಅನ್ನಿಸುತ್ತದೆ ನನಗೆ. ಕೆಲಸದ ಮಧ್ಯೆ ಒಬ್ಬರನ್ನೊಬ್ಬರು ಕಾಲೆಳೆಯುವವರು ಜೋಕ್ ಬಾಯಿಪಾಠ ಮಾಡಿಕೊಂಡು ಬರುವುದಿಲ್ಲ, ಅಲ್ವಾ? ಆಮೇಲೆ ಬ್ಯಾಂಜೊ ಅನ್ನೋ ತಂತಿವಾದ್ಯ ಹಿಡಿದ. ಹಂಬಲ್‌ಬಮ್ಸ್ ಅಂತ ಜಾನಪದ ಹಾಡಿನ ತಂಡ, ಜೊತೆಗೆ ಗಾಯಕ ಜೆರಿ ರಾಫರ್ಟಿ. ಹಾಡಿನ ನಡುವಿನ ಇವನ ಹರಟೆ ಉದ್ದವಾಗುತ್ತಾ ಹೋಯಿತು, ಹಾಡು ಗಿಡ್ಡವಾಯಿತು. 1971ರಲ್ಲಿ ತಂಡ ಒಡೆಯಿತು.

ತಮಾಷೆ ನೋಡು, ಇಡೀ ಬ್ರಿಟನ್‌ಗೆ ಇವನು ಗೊತ್ತಾಗಿದ್ದು ಮಾತ್ರ ಒಂದು ಜೋಕಿನಿಂದಲೇ. 1975ರಲ್ಲಿ ಮೈಕೆಲ್ ಪಾರ್ಕಿನ್ಸನ್ ಟಿವಿ ಶೋಗೆ ಹೋದ. ಆ ಜೋಕ್ ಬೇಡ ಅಂತ ಮ್ಯಾನೇಜರ್ ಹೇಳಿದ್ದರೂ ಕೇಳಲಿಲ್ಲ. ಒಬ್ಬ ತನ್ನ ಹೆಂಡತಿಯನ್ನು ಕೊಂದು ಹೂತಿದ್ದಾನೆ, ಅಂಡು ಮಾತ್ರ ಮಣ್ಣಿನಿಂದ ಮೇಲೆ. ಯಾಕಪ್ಪಾ ಅಂದ್ರೆ, ಸೈಕಲ್ ನಿಲ್ಲಿಸೋಕೆ ಜಾಗ ಬೇಕಿತ್ತಂತೆ! ಇವತ್ತು ಅದಕ್ಕೆ ನನಗೆ ಜಾಸ್ತಿ ನಗು ಬರುವುದಿಲ್ಲ. ಆದರೆ ಅವನು ಹೇಳುವ ಮುಖ ನೋಡಬೇಕು ಮಾರಾಯ.

ಸಿನಿಮಾದಲ್ಲೂ ಸುಮ್ನೆ ಬಂದುಹೋದವನಲ್ಲ. 1997ರ 'ಮಿಸೆಸ್ ಬ್ರೌನ್'ನಲ್ಲಿ ಜೂಡಿ ಡೆಂಚ್ ವಿಕ್ಟೋರಿಯಾ ರಾಣಿ, ಇವನು ರಾಣಿಯ ಸೇವಕ ಜಾನ್ ಬ್ರೌನ್. ನಗಿಸುವವನು ಅಷ್ಟು ಗಂಭೀರವಾಗಿ ನಿಲ್ಲುವುದು ನೋಡಿ ನಾನಂತೂ ದಂಗಾದೆ.

2013ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಕೈಕಾಲು ನಡುಗಿಸುವ ಪಾರ್ಕಿನ್ಸನ್ಸ್ ಕಾಯಿಲೆ ಎರಡೂ ಒಟ್ಟಿಗೇ ಗೊತ್ತಾದವು. ಕ್ಯಾನ್ಸರ್ ವಾಸಿಯಾಯಿತು. ಎಡಗೈ ನಡುಕ ಉಳಿಯಿತು, ಬ್ಯಾಂಜೊ ಬಿಡಬೇಕಾಯಿತು. ಆ ನಡುಕವನ್ನೂ ವೇದಿಕೆ ಮೇಲೆ ಆಡಿಕೊಂಡು ನಗಿಸಿದ. 2018ರಲ್ಲಿ ವೇದಿಕೆಯಿಂದ ನಿವೃತ್ತಿ. ಆಮೇಲೆ ಫ್ಲೋರಿಡಾದಲ್ಲಿ ಚಿತ್ರ ಬರೆದುಕೊಂಡು ಇದ್ದಾನೆ.

ಹಳೇ ಶೋಗಳಿಂದ ಶುರು ಮಾಡು. ಸಬ್‌ಟೈಟಲ್ ಹಾಕ್ಕೋ, ಗ್ಲಾಸ್ಗೋ ಇಂಗ್ಲಿಷ್ ಮೊದಮೊದಲು ಒಂದಕ್ಷರ ತಲೆಗೆ ಹೋಗುವುದಿಲ್ಲ. ಮತ್ತೆ, ಮನೇಲಿ ಅಪ್ಪ ಅಮ್ಮ ಇದ್ದಾಗ ಇಯರ್‌ಫೋನ್ ಮರೀಬೇಡ, ಬಾಯಿ ಭಾರೀ ಹೊಲಸು!