ಬಣ್ಣದ ರೀಲ್‌: ಗೆದ್ದದ್ದು ಬಣ್ಣವೋ, ಬೆಳಕೋ?

ಮಾನ್ಯರೇ,

‘ಹೋಟೆಲ್ ಗೋಡೆಗೆ ಕೆಂಪು ಬಳಿದರೆ ಗಿರಾಕಿಗೆ ಹಸಿವು ಹೆಚ್ಚುತ್ತದೆ’, ‘ನೀಲಿ ಬೋರ್ಡು ಕಂಡರೆ ನಂಬಿಕೆ ಹುಟ್ಟುತ್ತದೆ’ ಎಂದು ಸಾರುವ ಮೂವತ್ತು ಸೆಕೆಂಡಿನ ವಿಡಿಯೊಗಳು ಬಣ್ಣಗಳ ಮನಃಶಾಸ್ತ್ರದ ಹೆಸರಿನಲ್ಲಿ ಕನ್ನಡದಲ್ಲೂ ಹರಿದಾಡುತ್ತಿವೆ. ಹಾಸನ, ಚಿಕ್ಕಮಗಳೂರಿನ ಹೋಂಸ್ಟೇ, ಬೇಕರಿ, ಕಾಫಿಪುಡಿ ಅಂಗಡಿಯವರು ಇವನ್ನು ನೋಡಿ ಬೋರ್ಡು ಬದಲಿಸುವುದೂ ಉಂಟು, ತಾವೇ ಇಂಥವನ್ನು ಮಾಡಿಸುವುದೂ ಉಂಟು. ಒಂದೇ ವಿಡಿಯೊವನ್ನು ಎರಡು ಬಣ್ಣದಲ್ಲಿ ಹಾಕಿ, ‘ಪರೀಕ್ಷೆ ಮಾಡಿ ನೋಡಿದ್ದೇವೆ, ಕೆಂಪೇ ಗೆದ್ದಿತು’ ಎನ್ನುವವರೂ ಹೆಚ್ಚಾಗಿದ್ದಾರೆ. ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನವು ತಪ್ಪಾಗಿ ನಡೆಯುತ್ತಿವೆ. ಸರಿಯಾಗಿ ನಡೆದರೂ ಅದರಿಂದ ತಿಳಿಯುವುದು ವಿಡಿಯೊದ ಗುಣವೇ ಹೊರತು ಗಿರಾಕಿಯ ಹಸಿವಲ್ಲ.

ಮೊದಲ ತಪ್ಪು ವೀಕ್ಷಣೆಯ ಸಂಖ್ಯೆಯನ್ನೇ ಫಲ ಎಂದುಕೊಳ್ಳುವುದು. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೊ ಓಡಲು ಶುರುವಾದರೆ ಸಾಕು, ಒಂದು ವೀಕ್ಷಣೆ. ಮರಳಿ ಓಡಿದರೆ ಇನ್ನೊಂದು. ಅರೆಕ್ಷಣದಲ್ಲಿ ಬೆರಳಾಡಿಸಿ ಮುಂದೆ ಹೋದವನೂ ಲೆಕ್ಕಕ್ಕೆ ಸೇರಿರುತ್ತಾನೆ. ನೋಡಬೇಕಾದ್ದು ಅನಲಿಟಿಕ್ಸ್ ಒಳಗಿರುವ, ನಿಂತು ನೋಡಿದವರೆಷ್ಟು, ಸರಿಸಿ ಹೋದವರೆಷ್ಟು ಎಂಬ ಶೇಕಡಾವಾರು. ಇನ್‌ಸ್ಟಾಗ್ರಾಂನಲ್ಲಾದರೆ ಸರಾಸರಿ ನೋಡಿದ ಸಮಯ, ಜೊತೆಗೆ ತಲುಪಿದ ಪ್ರತಿ ನೂರು ಜನರಲ್ಲಿ ಎಷ್ಟು ಮಂದಿ ಶೇರ್ ಅಥವಾ ಸೇವ್ ಮಾಡಿದರು ಎಂಬುದು.

ಎರಡನೆಯದು ಇನ್ನೂ ದೊಡ್ಡದು. ಕಪ್ಪು ಹಿನ್ನೆಲೆಯ ಮೇಲೆ ಒಮ್ಮೆ ಹಳದಿ ಅಕ್ಷರ, ಇನ್ನೊಮ್ಮೆ ನೀಲಿ ಅಕ್ಷರ ಹಾಕಿ, ಹಳದಿ ಗೆದ್ದಾಗ ‘ಹಳದಿ ಉತ್ಸಾಹದ ಬಣ್ಣ’ ಎಂದು ಘೋಷಿಸುತ್ತಾರೆ. ಕಪ್ಪಿನ ಮೇಲೆ ಅಪ್ಪಟ ಹಳದಿಯ ಬೆಳಕಿನ ಅಂತರದ ಅನುಪಾತ (ಕಾಂಟ್ರಾಸ್ಟ್) 19ಕ್ಕೂ ಹೆಚ್ಚು, ಅಪ್ಪಟ ನೀಲಿಯದು ಸುಮಾರು 2.4. ಸಾಮಾನ್ಯ ಗಾತ್ರದ ಅಕ್ಷರ ಸಲೀಸಾಗಿ ಓದಲು ಕನಿಷ್ಠ 4.5 ಇರಬೇಕೆಂಬುದು ಅಂತರಜಾಲದ ಪುಟಗಳಿಗೆ ಒಪ್ಪಿತವಾದ ಮಾನದಂಡ. ಅಂದರೆ ನೀಲಿ ಸೋತದ್ದು ಓದಲಾಗದೆ. ಮನಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದಕ್ಕೆ ಸುಲಭದ ತಾಳೆಯೊಂದಿದೆ: ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಪರದೆಯನ್ನು ಕಪ್ಪು-ಬಿಳುಪಿಗೆ ತಿರುಗಿಸಿ ಎರಡೂ ಆವೃತ್ತಿಗಳನ್ನು ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣವಾಗಿ ಕಂಡರೆ ಮಾತ್ರ ನೀವು ಬಣ್ಣವನ್ನು ಪರೀಕ್ಷಿಸುತ್ತಿದ್ದೀರಿ. ಒಂದು ಬೆಳ್ಳಗೆ, ಇನ್ನೊಂದು ಕಪ್ಪಗೆ ಕಂಡರೆ ಪರೀಕ್ಷೆಗೆ ಒಳಗಾಗಿರುವುದು ಬೆಳಕು.

ಕೆಂಪಿನ ಕಥೆಯೇ ಬೇರೆ. ಫೋನಿನ ವಿಡಿಯೊದಲ್ಲಿ ಸಾಮಾನ್ಯವಾಗಿ ನಾಲ್ಕು ಚುಕ್ಕೆಗಳಿಗೆ (ಪಿಕ್ಸೆಲ್) ಬೆಳಕಿನ ಮಾಹಿತಿ ನಾಲ್ಕು ಸಲ ದಾಖಲಾದರೆ, ಬಣ್ಣದ ಮಾಹಿತಿ ಒಂದೇ ಸಲ. ಹೀಗಾಗಿ ಗಾಢ ಕೆಂಪು ಅಕ್ಷರದ ಅಂಚು ಕದಡಿಹೋಗುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ಪಾರಾದೀತು, ಕನ್ನಡದ ಒತ್ತಕ್ಷರಕ್ಕೆ ಉಳಿಗಾಲವಿಲ್ಲ. ‘ಬಣ್ಣ’ ಎಂಬ ಪದವನ್ನೇ ಕಪ್ಪಿನ ಮೇಲೆ ಕೆಂಪಿನಲ್ಲಿ ತೆಳ್ಳಗೆ ಬರೆದು ಅಪ್‌ಲೋಡ್ ಮಾಡಿ ನೋಡಿ: ಕೆಳಗಿನ ಣ-ಒತ್ತು ಕೆಂಪು ಕಲೆಯಂತಾಗಿರುತ್ತದೆ. ದಪ್ಪ ಫಾಂಟ್, ಬಿಳಿ ಅಕ್ಷರ, ಸುತ್ತ ಕಪ್ಪು ಗೆರೆ, ಸಾಲುಗಳ ನಡುವೆ ಒತ್ತಿಗೆ ಸಾಕಷ್ಟು ಜಾಗ ಇರಲಿ. ಬಣ್ಣದ ಪರೀಕ್ಷೆಯನ್ನು ಹಿನ್ನೆಲೆಯ ಪಟ್ಟಿಗೆ ಬಿಡಿ, ಅಕ್ಷರವನ್ನು ಮುಟ್ಟಬೇಡಿ. ಎಡಿಟಿಂಗ್ ಆ್ಯಪ್ ಒತ್ತುಗಳನ್ನು ಬಿಡಿಸಿ ತೋರಿಸಿದರೆ ಶೀರ್ಷಿಕೆಯನ್ನು ಬೇರೆ ಕಡೆ ಚಿತ್ರವಾಗಿ ಮಾಡಿ ತಂದು ಕೂರಿಸಬೇಕು. 1080x1920ರ ಚೌಕಟ್ಟಿನಲ್ಲಿ ಕೆಳಗಿನ ಸುಮಾರು ಐದನೇ ಒಂದು ಭಾಗವನ್ನೂ ಬಲ ಅಂಚನ್ನೂ ಬಟನ್‌ಗಳು ಮುಚ್ಚುವುದರಿಂದ ಅಲ್ಲಿ ಏನನ್ನೂ ಬರೆಯಬಾರದು.

ಚಿತ್ರೀಕರಣದಲ್ಲೂ ಬಣ್ಣ ಕೈಕೊಡುತ್ತದೆ. ಕಣದಲ್ಲಿ ರಾಶಿ ಹಾಕಿದ ಕಾಫಿ ಹಣ್ಣನ್ನು ಹತ್ತಿರದಿಂದ ತೆಗೆದರೆ ಚೌಕಟ್ಟಿನ ತುಂಬ ಕೆಂಪೇ ಇರುತ್ತದೆ. ಬೆಳಕೇ ಕೆಂಪಗಿದೆ ಎಂದು ಫೋನಿನ ಆಟೊ ವೈಟ್ ಬ್ಯಾಲೆನ್ಸ್ ತಪ್ಪು ತಿಳಿದು, ಸರಿಪಡಿಸಲು ಹೋಗಿ ಹಣ್ಣನ್ನು ಮಂಕಾಗಿಸುತ್ತದೆ. ಕೈ ಅಡ್ಡ ಬಂದೊಡನೆ ಬಣ್ಣ ಮತ್ತೆ ಜಿಗಿಯುತ್ತದೆ. ಒಂದೇ ವಿಡಿಯೊದಲ್ಲಿ ಮೂರು ಬಗೆಯ ಕೆಂಪು ಬಂದ ಮೇಲೆ ಯಾವ ಕೆಂಪನ್ನು ಪರೀಕ್ಷಿಸಿದಂತಾಯಿತು? ಅದೇ ಬೆಳಕಿನಲ್ಲಿ ಬಿಳಿ ಹಾಳೆ ಹಿಡಿದು, ಪ್ರೊ ಮೋಡ್‌ನಲ್ಲಿ ಹಾಳೆ ಬಿಳಿಯಾಗಿ ಕಾಣುವ ತನಕ ಬೆಳಕಿನ ಬಣ್ಣದ ಅಳತೆಯಾದ ಕೆಲ್ವಿನ್ ಸರಿಹೊಂದಿಸಿ (ಬಿಸಿಲಿಗೆ 5500ರ ಆಸುಪಾಸು, ಮರದ ನೆರಳಿಗೆ 7000ದ ಆಸುಪಾಸು) ಅಲ್ಲಿಗೇ ಲಾಕ್ ಮಾಡಿ. ಎಕ್ಸ್‌ಪೋಷರ್ ಕೂಡ ಲಾಕ್ ಆಗಿರಲಿ, ಎಚ್‌ಡಿಆರ್ ವಿಡಿಯೊ ಆಫ್ ಇರಲಿ. ಎಡಿಟ್ ಮಾಡುವಾಗ ಕಣ್ಣಿಗೆ ಹಿತವಾಗಲೆಂದು ಇಟ್ಟ ಹಳದಿ ಛಾಯೆಯ ನೈಟ್ ಮೋಡ್ ತೆಗೆಯುವುದನ್ನು ಬಹಳ ಜನ ಮರೆಯುತ್ತಾರೆ.

ಇನ್ನು ಪರೀಕ್ಷೆ. ಎರಡು ಆವೃತ್ತಿಗಳಲ್ಲಿ ಧ್ವನಿ, ಉದ್ದ, ಮೊದಲ ಸಾಲು, ಸಂಗೀತ, ಹ್ಯಾಷ್‌ಟ್ಯಾಗ್ ಎಲ್ಲ ಒಂದೇ ಆಗಿದ್ದು ಒಂದು ಬಣ್ಣ ಮಾತ್ರ ಬದಲಾಗಬೇಕು. ನಿಮ್ಮ ಫಾಲೋವರ್‌ಗಳಿಗೇ ಎರಡನ್ನೂ ತೋರಿಸಿದರೆ ಎರಡನೆಯದನ್ನು ಅವರು ಸರಿಸಿಬಿಡುತ್ತಾರೆ, ಯಾವ ಬಣ್ಣವಾದರೂ ಸರಿ. ಇನ್‌ಸ್ಟಾಗ್ರಾಂ 2024ರ ಡಿಸೆಂಬರ್‌ನಲ್ಲಿ ತಂದ ಟ್ರಯಲ್ ರೀಲ್ ಇದಕ್ಕೆ ತಕ್ಕದ್ದು, ಅದು ಮೊದಲು ಫಾಲೋವರ್ ಅಲ್ಲದವರಿಗೆ ಹೋಗುತ್ತದೆ. ಆದರೆ 72 ಗಂಟೆಯೊಳಗೆ ಚೆನ್ನಾಗಿ ಓಡಿದರೆ ತಾನಾಗಿಯೇ ಎಲ್ಲರಿಗೂ ಹಂಚುವ ಆಯ್ಕೆಯೊಂದು ಅದರಲ್ಲಿದೆ. ಅದನ್ನು ಆಫ್ ಮಾಡದಿದ್ದರೆ ಮುಂದಿದ್ದ ಆವೃತ್ತಿ ಮಾತ್ರ ಫಾಲೋವರ್‌ಗಳಿಗೆ ಹೋಗಿ ಲೆಕ್ಕವೇ ಕೆಡುತ್ತದೆ. ಒಂದು ವಾರ ಕೆಂಪು ಮೊದಲು, ಮುಂದಿನ ವಾರ ನೀಲಿ ಮೊದಲು, ಗಂಟೆ ಅದೇ.

ಪ್ರತಿ ಆವೃತ್ತಿಯೂ 200 ಜನರನ್ನಷ್ಟೇ ತಲುಪಿದ್ದರೆ ನಿಂತು ನೋಡಿದವರ ಪ್ರಮಾಣದಲ್ಲಿ ಶೇ 10ರವರೆಗಿನ ಅಂತರ ಬರೀ ಆಕಸ್ಮಿಕವಾಗಿ ಬರಬಹುದು. 1000 ಜನರಾದರೆ ಶೇ 4.5ರವರೆಗೆ, 5000 ಆದರೆ ಶೇ 2ರವರೆಗೆ. ಇದಕ್ಕಿಂತ ಕಡಿಮೆ ಅಂತರಕ್ಕೆ ಅರ್ಥ ಹುಡುಕಬಾರದು. ಒಂದೇ ಜೋಡಿಯಿಂದ ತೀರ್ಮಾನಿಸುವುದೂ ಬೇಡ. ಬೇರೆ ಬೇರೆ ವಿಷಯದ ಆರು ಜೋಡಿ ಮಾಡಿ. ಆರರಲ್ಲೂ ಒಂದೇ ಬಣ್ಣ ಗೆಲ್ಲುವುದು ನಾಣ್ಯ ಚಿಮ್ಮಿದರೆ 32ಕ್ಕೆ ಒಂದು ಸಲ ಮಾತ್ರ ಆಗುವಂಥದ್ದು, ಆಗ ನಂಬಲು ಕಾರಣವಿದೆ. ಎಲ್ಲಕ್ಕಿಂತ ಮೊದಲು ಒಂದೇ ವಿಡಿಯೊವನ್ನು ಏನೂ ಬದಲಿಸದೆ ಎರಡು ಸಲ ಟ್ರಯಲ್ ಹಾಕಿ ನೋಡಿ. ಆ ಎರಡರ ನಡುವೆ ಕಾಣುವ ಅಂತರವನ್ನು ನೋಡಿದವರು ಸಣ್ಣ ಗೆಲುವುಗಳನ್ನು ಆಮೇಲೆ ಎಣಿಸುವುದಿಲ್ಲ.

ಹೊತ್ತುಗೊತ್ತೂ ಮುಖ್ಯ. 2022ರಲ್ಲಿ ಚಂದ್ರದ್ರೋಣ ಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ಆ ಬೆಟ್ಟದ ವಿಡಿಯೊ ಓಡಿದ್ದು ನೀಲಿಯಿಂದಲ್ಲ, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವೆಂಬ ಕಾರಣಕ್ಕೆ. ನವೆಂಬರ್‌ನಲ್ಲಿ ಅರಿಸಿನ-ಕುಂಕುಮದ ಬಣ್ಣ ಎಲ್ಲರ ವಿಡಿಯೊದಲ್ಲೂ ಇರುವಾಗ ಅದರ ಸೋಲಿಗೂ ಗೆಲುವಿಗೂ ರಾಜ್ಯೋತ್ಸವವೇ ಕಾರಣವಾಗಿರಬಹುದು.

ನಮ್ಮ ನಿಜವಾದ ಕಳವಳ ಮುಂದಿನದು. ಬಣ್ಣದ ಬದಲು ಹೇಳಿಕೆಗಳನ್ನೇ ಪರೀಕ್ಷೆಗೆ ಇಟ್ಟರೆ ಸಾಮಾನ್ಯವಾಗಿ ಗೆಲ್ಲುವುದು ಹೆಚ್ಚು ಉತ್ಪ್ರೇಕ್ಷೆಯ ಸಾಲು. 1979ರಲ್ಲಿ ಸಿಯಾಟಲ್‌ನ ನೌಕಾಪಡೆಯ ಬಂದಿಖಾನೆಯ ಕೋಣೆಯೊಂದಕ್ಕೆ ಗುಲಾಬಿ ಬಳಿದಾಗ ಕೈದಿಗಳು ಶಾಂತರಾದರು ಎಂಬ ಮಾತು ಇಂದಿಗೂ ರೀಲ್‌ಗಳಲ್ಲಿ ಓಡುತ್ತಿದೆ. 2015ರಲ್ಲಿ ಪ್ರಕಟವಾದ ಸ್ವಿಸ್ ಜೈಲಿನ ಅಧ್ಯಯನದಲ್ಲಿ ಆ ಪರಿಣಾಮ ಕಾಣಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಬೆರಳು ನಿಲ್ಲದು. ಆದ್ದರಿಂದ ವಿಡಿಯೊ ಮಾಡುವವರು ಹೇಳಿಕೆಯನ್ನು ಮೊದಲೇ ತಾಳೆ ನೋಡಿ ಗಟ್ಟಿ ಮಾಡಿಕೊಳ್ಳಲಿ, ಪರೀಕ್ಷೆ ಹಿನ್ನೆಲೆ, ಮೊದಲ ಚಿತ್ರ, ಉದ್ದ ಇವುಗಳ ಮೇಲಷ್ಟೇ ನಡೆಯಲಿ. ಬೋರ್ಡಿನ ಬಣ್ಣಕ್ಕೆ ಗಿರಾಕಿ ಬಂದರೇ ಎಂದು ತಿಳಿಯಬೇಕಾದವರು ಬಿಲ್ ಪುಸ್ತಕ ಎಣಿಸಬೇಕು, ಲೈಕ್ ಅಲ್ಲ.

ತಮ್ಮ ಪತ್ರಿಕೆ ‘ಗೆದ್ದ ಬಣ್ಣ’ದ ಸುದ್ದಿ ಹಾಕುವಾಗ ಪ್ರತಿ ಆವೃತ್ತಿ ಎಷ್ಟು ಜನರನ್ನು ತಲುಪಿತ್ತು, ಎಷ್ಟು ಜೋಡಿ ಹಾಕಿದ್ದರು, ಯಾವ ತಿಂಗಳಲ್ಲಿ ಎಂಬ ಮೂರು ವಿವರಗಳನ್ನು ಕೇಳಿ ಅಚ್ಚು ಹಾಕಬೇಕೆಂದು ಕೋರುತ್ತೇವೆ.

– ಕಿರು ವಿಡಿಯೊ ತಯಾರಿಸುವ ಕೆಲವರು, ಹಾಸನ