ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ: ನೋಂದಣಿ ಮುಗಿದರೆ ಮನೆ ನಮ್ಮದಾಯಿತೇ?

ಮಾನ್ಯ ಕಂದಾಯ ಸಚಿವರಿಗೆ ನಮಸ್ಕಾರಗಳು.

ಹಳೆಯ ದಾಖಲೆ ಓದುವುದು, ಕ್ರಯಪತ್ರ ಬರೆಯುವುದು ನಮ್ಮ ಕಸುಬು. ಮನೆ ಕೊಳ್ಳುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಖರ್ಚು ಎಷ್ಟಾಗುತ್ತದೆ, ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ಸಾಕೇ, ಖಾತೆ ಯಾವಾಗ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಒಂದನ್ನು, ಮಾರುವವರಿಗೆ ನಿಜಕ್ಕೂ ಹಕ್ಕಿದೆಯೇ ಎಂಬುದನ್ನು ಮಾತ್ರ ಹೆಚ್ಚಿನವರು ಕೇಳುವುದೇ ಇಲ್ಲ. ಸಬ್ ರಿಜಿಸ್ಟ್ರಾರ್ ಮುಂದೆ ನೋಂದಣಿಯಾದರೆ, ಮಾರಿದವರಿಗೆ ಹಕ್ಕಿತ್ತು ಎಂದು ಸರ್ಕಾರವೇ ಒಪ್ಪಿದ ಹಾಗೆ ಎಂದುಕೊಂಡಿರುತ್ತಾರೆ.

ಹಾಗಲ್ಲ ಎಂಬುದು ತಮಗೆ ಗೊತ್ತಿದೆ. 1908ರ ನೋಂದಣಿ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಮುಖ್ಯವಾಗಿ ನೋಡುವುದು ಬರೆದುಕೊಟ್ಟವರು ಇವರೇ ಹೌದೇ, ಬರೆದುಕೊಟ್ಟಿದ್ದನ್ನು ಒಪ್ಪುತ್ತಾರೆಯೇ, ಶುಲ್ಕ ಸಂದಿದೆಯೇ ಎಂಬುದನ್ನು. ಮನೆ ನಿಜಕ್ಕೂ ಮಾರುವವರದೇ ಎಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ನೋಂದಣಿಯಾಗುವುದು ಪತ್ರ, ಹಕ್ಕಲ್ಲ. ಈ ಮಾತನ್ನು ನೋಂದಣಿಗೆ ಬಳಸುವ ಕಾವೇರಿ ತಂತ್ರಾಂಶದಲ್ಲಿ ಹಣ ಕಟ್ಟುವ ಪುಟಕ್ಕೆ ಮುಂಚೆ, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಹಾಕಿಸಿ ಎಂಬುದು ನಮ್ಮ ಮೊದಲ ಬೇಡಿಕೆ.

ಜನ ಕಟ್ಟುವ ಹಣವೇನು ಕಡಿಮೆಯಲ್ಲ. ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿಯ ಮನೆ ಎಂದುಕೊಳ್ಳೋಣ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಅದಕ್ಕಿಂತ ಹೆಚ್ಚಿದ್ದರೆ ಲೆಕ್ಕ ಆ ದರದ ಮೇಲೆ. ಶೇ 5ರ ಮುದ್ರಾಂಕ ಶುಲ್ಕ 3,00,000, ಅದರ ಮೇಲೆ ಶೇ 10ರ ಸೆಸ್ 30,000, ಶೇ 2ರ ಸರ್ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ್ದರಿಂದ 60,000 ಇದ್ದದ್ದು 1,20,000 ಆಗಿದೆ. ಒಟ್ಟು 4,56,000 ರೂಪಾಯಿ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು; ಅದು ಹೆಚ್ಚುವರಿ ಖರ್ಚಲ್ಲ, ಮಾರುವವರಿಗೆ ಕೊಡುವ ಹಣದಲ್ಲೇ ಕಳೆಯಬೇಕಾದ್ದು. ಇದನ್ನು ತಿಳಿಯದೆ ಪೂರ್ತಿ ಹಣ ಕೊಟ್ಟುಬಿಟ್ಟವರು ಆಮೇಲೆ ಕೈಯಿಂದ ಕಟ್ಟುತ್ತಾರೆ. ಇಮ್ಮಡಿಯಾದ ಶುಲ್ಕಕ್ಕೆ ಇಮ್ಮಡಿ ಭರವಸೆ ಸಿಕ್ಕಿದೆಯೇ ಎಂದು ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ. ಉತ್ತರ ತಮ್ಮ ಇಲಾಖೆಯೇ ಕೊಡಬೇಕು.

ಈಗ ಇಸಿ ವಿಷಯ. ನಮೂನೆ 15 ಬಂದರೆ ವ್ಯವಹಾರಗಳಿವೆ, ನಮೂನೆ 16 ಬಂದರೆ ಏನೂ ಇಲ್ಲ. ಈ "ಏನೂ ಇಲ್ಲ" ಎಂಬುದೇ ಜನರನ್ನು ದಾರಿ ತಪ್ಪಿಸುತ್ತದೆ. ಇಸಿ ತಯಾರಾಗುವುದು ಉಪನೋಂದಣಿ ಕಚೇರಿಯಲ್ಲಿ ಸ್ಥಿರಾಸ್ತಿ ಪತ್ರಗಳಿಗಾಗಿ ಇರುವ 1ನೇ ಪುಸ್ತಕದಿಂದ. ಉಯಿಲುಗಳು ಇರುವುದು 3ನೇ ಪುಸ್ತಕದಲ್ಲಿ, ಜಿಪಿಎಗಳು (ಬೇರೊಬ್ಬರಿಗೆ ಅಧಿಕಾರ ಕೊಡುವ ಮುಖ್ತಿಯಾರ್ ಪತ್ರಗಳು) ಸಾಮಾನ್ಯವಾಗಿ 4ನೇ ಪುಸ್ತಕದಲ್ಲಿ. ತಂದೆ ಕಿರಿಮಗನ ಹೆಸರಿಗೆ ಉಯಿಲು ನೋಂದಣಿ ಮಾಡಿಸಿ ತೀರಿಕೊಂಡಿದ್ದರೂ, ಹಿರಿಮಗ ಮಾರಲು ಹೊರಟಾಗ ಇಸಿ ಶುದ್ಧವಾಗಿಯೇ ಕಾಣುತ್ತದೆ. ನೋಂದಣಿಯಾಗದ ಕ್ರಯದ ಕರಾರು, ಮೂಲಪತ್ರಗಳನ್ನು ಇಟ್ಟು ತಂದ ಕೈಸಾಲ, ತೆರಿಗೆ ಬಾಕಿ ಯಾವುದೂ ಅದರಲ್ಲಿ ಬರುವುದಿಲ್ಲ. 2004ರ ಏಪ್ರಿಲ್‌ಗೆ ಹಿಂದಿನದಕ್ಕೆ ಕೈಬರಹದ ಸೂಚಿಗಳನ್ನೇ ನೆಚ್ಚಿಕೊಂಡು ಬಂದಿದ್ದೇವೆ. ಅಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಾಗಿ ಓದಿದರೂ ಒಂದು ಅಡಮಾನ ಕಣ್ಣುತಪ್ಪುತ್ತದೆ. ಇಸಿಯ ಮೇಲ್ಭಾಗದಲ್ಲೇ "ಈ ಪ್ರಮಾಣಪತ್ರದಲ್ಲಿ ಉಯಿಲು, ಜಿಪಿಎ, ನೋಂದಣಿಯಾಗದ ಕರಾರು, ನ್ಯಾಯಾಲಯದ ದಾವೆ ಕಾಣುವುದಿಲ್ಲ" ಎಂದು ದಪ್ಪಕ್ಷರದ ಒಂದು ಸಾಲು ಅಚ್ಚಾಗಲಿ.

ದಾವೆಯದ್ದು ಇನ್ನೂ ದೊಡ್ಡ ಗಂಡಾಂತರ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ, ಮನೆಯಲ್ಲಿ ಪಾಲು ಕೇಳುವ ವಿಭಾಗದ ದಾವೆ ನಡೆಯುತ್ತಿರುವಾಗ ಆ ಮನೆ ಕೊಂಡವರು ಕೊನೆಗೆ ಬರುವ ನ್ಯಾಯಾಲಯದ ಡಿಕ್ರಿಗೆ ತಲೆಬಾಗಲೇಬೇಕು. ದಾವೆ ಇತ್ತೆಂದು ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ. ಗೊತ್ತುಮಾಡಿಕೊಳ್ಳುವುದಾದರೂ ಹೇಗೆ? ಇ-ಕೋರ್ಟ್ಸ್ ತಾಣದಲ್ಲಿ ಹುಡುಕುವುದು ಪಕ್ಷಗಾರರ ಹೆಸರಿನಿಂದ, ಸರ್ವೆ ನಂಬರಿನಿಂದಲ್ಲ. ಲಕ್ಷ್ಮಮ್ಮ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆ ಬರೆಯುತ್ತಾರೆ. ಯಾವ ಬಗೆಯಲ್ಲಿ ಹುಡುಕಬೇಕು? ಮಹಾರಾಷ್ಟ್ರ, ಗುಜರಾತಿನಲ್ಲಿ ಇದಕ್ಕೊಂದು ಪರಿಹಾರವಿದೆ. ಹಿಂದಿನ ಮುಂಬೈ ಪ್ರಾಂತ್ಯ 1939ರಲ್ಲೇ ಈ ಕಲಮಿಗೆ ತಿದ್ದುಪಡಿ ತಂದು, ದಾವೆಯ ನೋಟಿಸನ್ನು ನೋಂದಣಿ ಮಾಡಿಸಿದರೆ ಮಾತ್ರ ಅದು ಕೊಳ್ಳುವವರನ್ನು ಕಟ್ಟಿಹಾಕುತ್ತದೆ ಎಂದು ಮಾಡಿತು. ನೋಂದಣಿಯಾದದ್ದು ಹುಡುಕಿದವರಿಗೆ ಸಿಗುತ್ತದೆ. ಕರ್ನಾಟಕಕ್ಕೂ ಇಂಥದೊಂದು ತಿದ್ದುಪಡಿ ಬೇಕು. ಈ ಪತ್ರದಲ್ಲಿ ನಾವು ಕೇಳುತ್ತಿರುವುದರಲ್ಲಿ ಅತಿ ದೊಡ್ಡದು ಇದೇ.

ಹೆಚ್ಚಿನ ವಿಭಾಗದ ದಾವೆಗಳ ಬೇರು ಎಲ್ಲಿದೆ ಎಂಬುದೂ ಗುಟ್ಟಲ್ಲ. ಹೆಣ್ಣುಮಕ್ಕಳ ಸಹಿ ಇಲ್ಲದ ಕ್ರಯಪತ್ರಗಳಲ್ಲಿದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ "ಮದುವೆ ಮಾಡಿಕೊಟ್ಟಾಗಿದೆ, ಅವಳ ಸಹಿ ಯಾಕೆ" ಎಂಬ ಮಾತು ನಿಂತಿಲ್ಲ. ಮಗಳ ಹೆಸರನ್ನೇ ಬಿಟ್ಟ ವಂಶವೃಕ್ಷ ಹಿಡಿದು ಬರುವವರಿದ್ದಾರೆ. ಪಿತ್ರಾರ್ಜಿತ ಎಂದು ಬರೆದ ಪತ್ರ ಕಾವೇರಿಗೆ ಬಂದಾಗ, ಎಲ್ಲ ಗಂಡು ಹೆಣ್ಣುಮಕ್ಕಳ ಹೆಸರು, ಪ್ರತಿಯೊಬ್ಬರ ಸಹಿ ಅಥವಾ ಹಕ್ಕು ಖುಲಾಸೆ ಪತ್ರದ (ತಮ್ಮ ಪಾಲು ಬಿಟ್ಟುಕೊಟ್ಟ ಪತ್ರದ) ನಂಬರು ಕೇಳುವ ಒಂದು ಅಂಕಣ ಇರಲಿ. ಖಾಲಿ ಬಿಟ್ಟರೆ, ಖಾಲಿ ಬಿಟ್ಟಿದ್ದಾರೆ ಎಂಬುದು ಕೊಳ್ಳುವವರ ಕಣ್ಣಿಗೆ ಬೀಳಲಿ. ಅಷ್ಟು ಸಾಕು.

ಸಾಲ ತೀರಿದ ಮನೆ ಮಾರುವವರ ಪಾಡು ಬೇರೆ. ಪೂರ್ತಿ ತೀರಿಸಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಬೇಕು, ತನ್ನಿಂದಾಗಿ ತಡವಾದರೆ ಬ್ಯಾಂಕ್ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೈಗೆ ಬಂದರೂ ಅಡಮಾನ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರ ನೋಂದಣಿಯಾಗುವ ತನಕ ಇಸಿಯಲ್ಲಿ ಸಾಲ ಹಾಗೆಯೇ ಕೂತಿರುತ್ತದೆ. ಇದು ಗೊತ್ತಾಗುವುದು ಗಿರಾಕಿ ಮುಂಗಡ ಕೊಟ್ಟ ಮೇಲೆ. ಆಗ ಬ್ಯಾಂಕಿನ ಅಧಿಕಾರಿಯನ್ನು ಕರೆತರಲು ಓಡಾಟ ಶುರು. ಬ್ಯಾಂಕ್ ತಾನಿರುವಲ್ಲಿಂದಲೇ ಕಾವೇರಿಯಲ್ಲಿ ಬಿಡುಗಡೆ ದಾಖಲಿಸುವಂತೆ ಮಾಡಿದರೆ ಈ ತೊಡಕು ಬುಡದಲ್ಲೇ ಮುಗಿಯುತ್ತದೆ.

ಕ್ರಯಪತ್ರದಲ್ಲಿ ಆಸ್ತಿಯ ವಿವರ ಬರೆಯುವ ಷೆಡ್ಯೂಲಿನ ತಪ್ಪುಗಳನ್ನು ಜನ ಹಗುರವಾಗಿ ಕಾಣುತ್ತಾರೆ. 30x40 ನಿವೇಶನ: ಪೂರ್ವ-ಪಶ್ಚಿಮ 40 ಅಡಿ, ಉತ್ತರ-ದಕ್ಷಿಣ 30 ಅಡಿ ಎಂದಿರಬೇಕಾದಲ್ಲಿ ಅದಲುಬದಲಾದರೂ ವಿಸ್ತೀರ್ಣ ಅದೇ 1,200 ಚದರಡಿ. ಮೊತ್ತ ಮಾತ್ರ ತಾಳೆ ನೋಡಿದರೆ ತಪ್ಪು ಸಿಗುವುದೇ ಇಲ್ಲ. ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ಪೂರ್ವಕ್ಕೆ ರಸ್ತೆ ಎಂದಿದ್ದರೆ, ಹಳೆಯ ಪತ್ರದಲ್ಲಿ ಪಶ್ಚಿಮಕ್ಕಿದ್ದರೆ, ಮುಂದಿನ ಬ್ಯಾಂಕ್ ಸಾಲ ಅಲ್ಲಿಗೆ ನಿಂತಿತು. ಸರಿಪಡಿಸಲು ತಿದ್ದುಪಡಿ ಪತ್ರಕ್ಕೆ ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರೂ ಬರಬೇಕು, ಕೆಲವರು ಅದಕ್ಕೂ ಹಣ ಕೇಳುತ್ತಾರೆ. ಸಹಿಗೆ ಮುಂಚೆ ಕರಡು ಪತ್ರದ ಅಳತೆ ಮತ್ತು ಚಕ್ಕುಬಂದಿಯನ್ನು ಇ-ಖಾತೆ ಹಾಗೂ ಹಿಂದಿನ ಪತ್ರದ ಪಕ್ಕದಲ್ಲಿಟ್ಟು ತೋರಿಸುವ ಒಂದು ಪುಟ ಕೊಡಿ.

ಇ-ಖಾತೆ ಕಡ್ಡಾಯ ಮಾಡಿದ್ದು ಒಳ್ಳೆಯದೇ ಆಯಿತು. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವುದು ಈಗ ಮೊದಲಿನಷ್ಟು ಸುಲಭವಲ್ಲ. ಆದರೆ ಖಾತೆ ತೆರಿಗೆಗಾಗಿ ಇರುವ ದಾಖಲೆ, ಅದೇ ಹಕ್ಕುಪತ್ರವಲ್ಲ ಎಂಬುದನ್ನೂ ಹೇಳಬೇಕು.

ಫ್ಲ್ಯಾಟಿನವರ ಮಾತು ಒಂದಿಷ್ಟು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 17ನೇ ಕಲಂ ಪ್ರಕಾರ ವಾಸಯೋಗ್ಯ ಪ್ರಮಾಣಪತ್ರ ಬಂದ ಮೂರು ತಿಂಗಳೊಳಗೆ ಸಾಮಾನ್ಯ ಜಾಗಗಳ ಹಕ್ಕು ಫ್ಲ್ಯಾಟ್ ಮಾಲೀಕರ ಸಂಘದ ಹೆಸರಿಗೆ ಬರಬೇಕು. ಇತ್ತ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಅದೇ ಜಾಗಗಳು ಅವಿಭಾಜ್ಯ ಪಾಲಿನ ರೂಪದಲ್ಲಿ ಪ್ರತಿ ಮಾಲೀಕರವು. ಯಾವುದನ್ನು, ಯಾರ ಹೆಸರಿಗೆ, ಯಾವ ಪತ್ರದಿಂದ ಬರೆಯಬೇಕು ಎಂದು ಕಚೇರಿಗೆ ಹೋದ ಸಂಘಗಳಿಗೆ ಒಂದೇ ಉತ್ತರ ಸಿಗುವಂತೆ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಿಸಿ. ಜೊತೆಗೆ ಮಾದರಿ ಪತ್ರವನ್ನೂ ಕನ್ನಡದಲ್ಲೇ ಲಗತ್ತಿಸಿ, ನಾವು ಅದನ್ನೇ ಬಳಸುತ್ತೇವೆ.

ಇಂತಿ,
ಕ್ರಯಪತ್ರ ಬರೆಯುವ, ದಾಖಲೆ ಪರಿಶೀಲಿಸುವ ತಮ್ಮ ವಿಶ್ವಾಸಿಗಳು